ದಾರಿಯ ಮೇಲಿನ ಕೆಮ್ಮಣ್ಣು

ನಮ್ಮ ಶಿಕಾರಿಪುರದ ಕಡೆ ಯಾರಾದರೂ ಬದುವಿನ ಮೇಲೆ ಕೂತು ಹೊಲವನ್ನು ಬಹಳ ಹೊತ್ತು ನೋಡುತ್ತಿದ್ದರೆ ಜನ ಸುಮ್ಮನೆ ಬಿಡುವುದಿಲ್ಲ. ಸರ್ವೆಯವರಾ, ಕಾಲುವೆಯವರಾ, ಸೈಟು ಮಾಡುವವರಾ, ನಿಧಿ ಹುಡುಕುವವರಾ ಎಂದು ಒಂದೊಂದಾಗಿ ಕೇಳುತ್ತಾರೆ. ಇವು ಯಾವುದೂ ಅಲ್ಲ, ಚೆನ್ನಾಗಿದೆ ಅಂತ ನೋಡುತ್ತಿದ್ದೇನೆ ಎಂದಿರೋ, ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುವವಳು. ಒಂದು ರಜೆಯಲ್ಲಿ ಉಡುತಡಿಯ ಹತ್ತಿರ ತೊಡೆಯ ಮೇಲೆ ಬೋರ್ಡಿಟ್ಟುಕೊಂಡು ಮೆಕ್ಕೆಜೋಳದ ಹೊಲ ಬರೆಯುತ್ತಿದ್ದೆ. ಹಿರಿಯರೊಬ್ಬರು ಬಂದು ನನ್ನ ಬೆನ್ನ ಹಿಂದೆ ನಿಂತು, ಬಹಳ ಹೊತ್ತು ನೋಡಿ, "ನಮ್ಮದರಾಗ ಎಷ್ಟು ಹೋಗ್ತೈತ್ರೀ ರೋಡಿಗೆ?" ಎಂದರು. ರೋಡಿಗಲ್ಲ ಅಜ್ಜಾ, ಇದು ಬರೀ ಚಿತ್ರ ಎಂದೆ. "ಮೊದ್ಲು ಚಿತ್ರಾನೇ ಬರೀತಾರ್ರೀ, ಆಮೇಲೆ ತಗೋತಾರೆ" ಎಂದು ಹೇಳಿ ಅಲ್ಲೇ ಕೂತುಬಿಟ್ಟರು. ನಾನು ಎದ್ದು ಬಸ್ಸು ಹತ್ತುವವರೆಗೂ ಅವರು ಕದಲಲಿಲ್ಲ.

ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಏಕೆಂದರೆ ಅವರು ಹೇಳಿದ್ದು ಸುಳ್ಳಲ್ಲ. ಸಮುದ್ರ ದಾಟಿ ಬಂದ ದೊರೆಗಳು ನಮ್ಮ ಗುಡ್ಡಗಳಿಗೆ ಬಂದದ್ದು ಒಂದು ಕೈಯಲ್ಲಿ ಅಳತೆಯ ಸರಪಳಿ, ಇನ್ನೊಂದು ಕೈಯಲ್ಲಿ ಕುಂಚ ಹಿಡಿದುಕೊಂಡೇ. ಗುಡ್ಡವನ್ನು ಅಳೆದವರೇ ಅದರ ಚಿತ್ರವನ್ನೂ ಬರೆದರು, ಚಿತ್ರ ಸೊಗಸಾಗಿದೆ ಎಂದು ತಮ್ಮ ಊರಿಗೆ ಕಳಿಸಿದರು. ಚೆಂದದ ಚಿತ್ರ ನೋಡಿದಾಗಲೆಲ್ಲ ಇದರಲ್ಲಿ ಯಾರನ್ನು ಬಿಟ್ಟಿದ್ದಾರೆ ಎಂದು ಹುಡುಕುವುದು ನನಗೆ ಅಭ್ಯಾಸವಾಗಿದೆ. ನಮ್ಮವ್ವ ನನ್ನನ್ನು ಮಜ್ಜಿಗೆಯನ್ನೂ ಊದಿ ಕುಡಿಯುವವಳು ಎನ್ನುತ್ತಿದ್ದಳು. ಇರಬಹುದು. ಆದರೆ ನನಗೆ ಈ ಬುದ್ಧಿ ಬಂದದ್ದು ಹಾಲಿನಿಂದಲೂ ಅಲ್ಲ, ಮಜ್ಜಿಗೆಯಿಂದಲೂ ಅಲ್ಲ. ನಮ್ಮಪ್ಪನ ಪರದೆಯಿಂದ.

ಅಪ್ಪ ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ. ಹಿಂದಿನ ಪರದೆಯನ್ನು ಅವನೇ ಬರೆದಿದ್ದ. ಹಿಮದ ಗುಡ್ಡ, ಗುಡ್ಡದ ಬುಡದಲ್ಲಿ ನೀಲಿ ಸರೋವರ, ಸರೋವರದಲ್ಲಿ ಎರಡು ಹಂಸ, ಇತ್ತ ಕಡೆ ಅಮೃತಶಿಲೆಯ ಮೆಟ್ಟಿಲು. ಶಿಕಾರಿಪುರದಲ್ಲಿ ಹಿಮ ಬಿದ್ದದ್ದನ್ನು ಕಂಡವರಿಲ್ಲ, ನಮ್ಮ ಕೆರೆಗೆ ಬರುವುದು ಬೆಳ್ಳಕ್ಕಿ. ಆದರೂ ಊರಿಗೆ ಊರೇ ಆ ಹಂಸಗಳ ಮುಂದೆ ನಿಂತು ಮದುವೆಯ ಫೋಟೋ ತೆಗೆಸಿಕೊಂಡಿತು. ಸೊರಬದ ಕಡೆಯಿಂದಲೂ ಜೋಡಿಗಳು ಬರುತ್ತಿದ್ದವು. ನಾಟಕದ ಕಂಪನಿಗಳಿಗೂ ಅಪ್ಪ ಪರದೆ ಬರೆದುಕೊಡುತ್ತಿದ್ದ. ಕಾಡಿನ ಪರದೆ, ಅರಮನೆಯ ತೋಟದ ಪರದೆ, ಹಳ್ಳಿಯ ಪರದೆ. ಯಾವುದೇ ಪರದೆಯಾಗಲಿ, ಅದರ ಕೆಳಗಿನ ಎಡ ಮೂಲೆಯಿಂದ ಒಂದು ದಾರಿ ಹೊರಟು, ಬಳುಕಿಕೊಂಡು ಹೋಗಿ, ದೂರದ ಗುಡಿಸಲಿನ ಹತ್ತಿರ ಮಾಯವಾಗುತ್ತಿತ್ತು.

"ನೋಡೋರ ಕಣ್ಣಿಗೊಂದು ದಾರಿ ಕೊಡಬೇಕು. ದಾರಿಗೆ ಅಡ್ಡ ಏನೂ ಇಡಬಾರ್ದು. ಅಡ್ಡ ಇಟ್ರೆ ಗಿರಾಕಿ ಹೊರಗೇ ನಿಲ್ತಾನೆ" ಎಂದು ಅಪ್ಪ ನನಗೆ ಹೇಳಿಕೊಟ್ಟಿದ್ದ. ಆ ದಾರಿ ಯಾವ ಊರಿನದು ಎಂದು ಕೇಳಿದರೆ ನಗುತ್ತಿದ್ದ. ಯಾವ ಊರಿನದೂ ಅಲ್ಲ ಎಂದು ಗೊತ್ತಾದ ಮೇಲೆ ಚಿತ್ರದೊಳಗಿನ ಯಾವ ದಾರಿಯನ್ನೂ ನಾನು ನಂಬಲಿಲ್ಲ.

ದಾವಣಗೆರೆಯಲ್ಲಿ ಚಿತ್ರಕಲೆ ಕಲಿಯಲು ಹೋದಾಗ ನಮಗೆ ನಿಸರ್ಗಚಿತ್ರದ ಚರಿತ್ರೆಯನ್ನು ಪಾಠ ಮಾಡಿದರು. ನನ್ನ ಅನುಮಾನಕ್ಕೆ ಅಲ್ಲಿ ಒಳ್ಳೆಯ ಗೊಬ್ಬರ ಸಿಕ್ಕಿತು. ಹಿಂದಿನವರಿಗೆ ನೆಲ ಅನ್ನುವುದು ದೇವರು, ರಾಜರ ಹಿಂದೆ ನಿಲ್ಲುವ ಆಳು. ಕಲ್ಲಿನಲ್ಲಿ ಬೇಟೆ ಕೆತ್ತುವವರು ಒಂದು ಮರ ಕೆತ್ತಿದರೆ ಕಾಡು ಆಯಿತು, ಅಷ್ಟರಲ್ಲಿ ಮುಗಿಸುತ್ತಿದ್ದರು. ಚೀನಾದವರು ಮಾತ್ರ ಬಹಳ ಮೊದಲೇ ಬೆಟ್ಟ, ನೀರನ್ನೇ ದೊಡ್ಡದು ಮಾಡಿ, ಮನುಷ್ಯನನ್ನು ಇರುವೆಯಷ್ಟು ಬರೆದು, ಮಂಜಿರುವ ಕಡೆ ಏನೂ ಬರೆಯದೆ ಖಾಲಿ ಬಿಟ್ಟರು. ಯುರೋಪಿನಲ್ಲಿ ಮೊದಲು ಸಂತರ ಹೆಗಲ ಹಿಂದೆ ಕಿಟಕಿಯಷ್ಟು ಜಾಗದಲ್ಲಿ ಒಂದು ಗುಡ್ಡ ಇಣುಕಿತು. ಬರಬರುತ್ತಾ ಗುಡ್ಡ ದೊಡ್ಡದಾಯಿತು, ಸಂತರು ಸಣ್ಣವರಾದರು, ಕೊನೆಗೆ ಸಂತರು ಎದ್ದೇ ಹೋದರು. ಆಮೇಲೆ ಉಳ್ಳವರು ತಮ್ಮ ಜಮೀನಿನ ಚಿತ್ರವನ್ನು ತಮ್ಮದೇ ಗೋಡೆಗೆ ತೂಗುಹಾಕಿಕೊಳ್ಳತೊಡಗಿದರು. ಚಿತ್ರಕ್ಕೊಂದು ಪಾಕವಿಧಾನವೂ ಹುಟ್ಟಿತು: ಪಕ್ಕದಲ್ಲಿ ಕಪ್ಪು ಮರ, ನಡುವೆ ನೀರು, ದೂರದಲ್ಲಿ ಬೆಳಕು, ಒಳಗೆ ಹೋಗಲು ಒಂದು ದಾರಿ. ಆ ಪಾಕವೇ ಸರ್ವೆಯವರ ಪೆಟ್ಟಿಗೆಯಲ್ಲಿ ನಮ್ಮ ಕಡೆ ಬಂದು, ಕ್ಯಾಲೆಂಡರಿಗೆ ಇಳಿದು, ನಾಟಕದ ಪರದೆಗೆ ಹತ್ತಿ, ಅಪ್ಪನ ಸ್ಟುಡಿಯೋ ಸೇರಿತ್ತು. ಬಣ್ಣವನ್ನು ತಗಡಿನ ಕೊಳವೆಯಲ್ಲಿ ತುಂಬಿ ಮಾರುವುದು ಶುರುವಾದ ಮೇಲೆ ಕೆಲವರು ಬಯಲಿಗೆ ಹೋಗಿ ಕೂತು ಕಂಡದ್ದನ್ನೇ ಬರೆದರಂತೆ. ಅಪ್ಪನ ಹತ್ತಿರವೂ ಬಣ್ಣದ ಡಬ್ಬಗಳಿದ್ದವು. ಅವನು ಬಯಲಿಗೆ ಹೋದದ್ದನ್ನು ನಾನು ಕಾಣೆ.

ಈಗ ಪರದೆಯೂ ಇಲ್ಲ, ಫ್ಲೆಕ್ಸ್ ಬಂದಿದೆ. ಅದರಲ್ಲೂ ಅದೇ ಹಿಮದ ಗುಡ್ಡ, ಅದೇ ಸರೋವರ. ನನ್ನ ಕ್ಲಾಸಿನ ಮಕ್ಕಳಿಗೆ ನಿಮ್ಮ ಊರು ಬರೆಯಿರಿ ಎಂದರೆ ಎರಡು ಗುಡ್ಡ, ನಡುವೆ ಸೂರ್ಯ, ಒಂದು ಹೊಳೆ, ಒಂದು ತೆಂಗಿನ ಮರ ಬರೆದು ತರುತ್ತಾರೆ. ಇದು ಯಾವ ಹೊಳೆಯೋ ಎಂದರೆ "ಸೀನರಿ ಮಿಸ್" ಎನ್ನುತ್ತಾರೆ. ಮನೆಯ ಮುಂದೆ ರಾಶಿ ಹಾಕಿದ ಮೆಕ್ಕೆಜೋಳವನ್ನು ಯಾವ ಮಗುವೂ ಬರೆಯುವುದಿಲ್ಲ. ಅಪ್ಪ ತೀರಿಕೊಂಡರೂ ಅವನ ದಾರಿ ಮಾತ್ರ ಇನ್ನೂ ಬಳುಕುತ್ತಿದೆ.

ಹೀಗಿರುವಾಗ ಹೋದ ವರ್ಷ ದೀಪಾವಳಿ ಕಳೆದು ಗದ್ದೆ ಹಣ್ಣಾಗುವ ಹೊತ್ತಿಗೆ ಸೊರಬದ ಕಡೆಯಿಂದ ಅತ್ತೆಯ ಫೋನು ಬಂತು. ಅತ್ತೆ ಅಪ್ಪನ ತಂಗಿ. ಚಂದ್ರಗುತ್ತಿ ಗುಡ್ಡ ಕಾಣುವ ಒಂದು ಹಳ್ಳಿಗೆ ಅವಳನ್ನು ಕೊಟ್ಟಿದ್ದರು. ಮಾವ ಹೋದ ಮೇಲೆ ಮಗಳು, ಅಳಿಯನನ್ನು ಮನೆಯಲ್ಲೇ ಇಟ್ಟುಕೊಂಡು ಗದ್ದೆ ಮಾಡಿಸುತ್ತಾಳೆ. ವಯಸ್ಸಾದರೂ ಗದ್ದೆಯ ಬದುವಿನ ಮೇಲೆ ನನಗಿಂತ ಜೋರಾಗಿ ನಡೆಯುತ್ತಾಳೆ.

"ಏ ಹುಡುಗಿ, ನಿನ್ನ ಬಣ್ಣದ ಡಬ್ಬಿ ತಗಂಡು ಬಾ. ನಿಮ್ಮಪ್ಪ ಬರ್ದ ಪಟದಲ್ಲಿ ದಾರಿ ಮಾಸೈತೆ. ಸ್ವಲ್ಪ ಎದ್ದು ಕಾಣೋ ಹಂಗೆ ಮಾಡ್ಕೊಡು" ಎಂದಳು.

ನಿವೃತ್ತಿಯ ಹತ್ತಿರ ಬಂದರೂ ನಾನು ಅವಳಿಗೆ ಹುಡುಗಿಯೇ. ಅದಿರಲಿ. ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ದಾರಿ ಎದ್ದು ಕಾಣಬೇಕು? ಕೇಳಿದೆ. ಅತ್ತೆ ಮೊದಲು ಏನೇನೋ ಹೇಳಿ ಕೊನೆಗೆ ಬಾಯಿ ಬಿಟ್ಟಳು. ಅವಳ ಗದ್ದೆಗೆ ಹೋಗುವ ದಾರಿ ಪಕ್ಕದ ಗೌಡರ ಮನೆಯ ಮುಂದಿನಿಂದ, ಅವರ ಜಾಗದಲ್ಲೇ ಹಾದುಹೋಗುತ್ತಿತ್ತು. ಗೌಡರು ಅದಕ್ಕೆ ತಂತಿ ಬೇಲಿ ಹಾಕಿ, ಇಲ್ಲಿ ದಾರಿ ಅನ್ನೋದು ಯಾವತ್ತೂ ಇರಲಿಲ್ಲ, ಪಾಪ ಅಂತ ನಡೆಯೋಕೆ ಬಿಟ್ಟಿದ್ದೆ ಎಂದರು. ಕಚೇರಿಯಲ್ಲಿ ಕೇಳಿದರೆ ನಕಾಶೆಯಲ್ಲಿ ದಾರಿ ಇಲ್ಲ, ಹಿಂದಿನಿಂದ ನಡೆದುಬಂದ ರೂಢಿ ದಾರಿಯಾದರೆ ಊರವರು ಹೇಳಲಿ ಎಂದರು. ಊರವರೋ, ಗೌಡರ ಟ್ರ್ಯಾಕ್ಟರು ಬೇಕಾದವರು. ಯಾರೂ ಬಾಯಿ ಬಿಡಲಿಲ್ಲ. ದಾರಿ ಇಲ್ಲದಿದ್ದರೆ ಕಟಾವಿನ ಮಿಷನ್ ಗದ್ದೆಗೆ ಇಳಿಯುವುದಿಲ್ಲ, ಭತ್ತ ಹೊರಗೆ ಬರುವುದಿಲ್ಲ. ಬೆಳೆದದ್ದನ್ನು ತರಲಾಗದ ಗದ್ದೆಯನ್ನು ಕೊನೆಗೆ ಗೌಡರಿಗೇ ಮಾರಬೇಕು. ಅವರ ಮನಸ್ಸಿನಲ್ಲಿ ಇರುವುದೂ ಅದೇ ಎಂದು ಅತ್ತೆ ಹೇಳಿದಳು. ಊರಿನ ಹಿರಿಯರಿಬ್ಬರು ಭಾನುವಾರ ಕೂತು ಮಾತಾಡೋಣ ಎಂದಿದ್ದರಂತೆ. ಅತ್ತೆಯ ಕೈಯಲ್ಲಿದ್ದ ಸಾಕ್ಷಿ ಒಂದೇ, ಅಪ್ಪ ಬರೆದ ಪಟ.

ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ಕೂತರೂ ನನ್ನ ತಲೆ ಅಲ್ಲೇ ಸುತ್ತುತ್ತಿತ್ತು. ಇಡೀ ಪ್ರಪಂಚದಲ್ಲಿ ನಂಬಲಾಗದ ದಾರಿ ಬರೆಯುತ್ತಿದ್ದವನೆಂದರೆ ನಮ್ಮಪ್ಪ. ಅವನ ದಾರಿಯನ್ನು ಸಾಕ್ಷಿಯೆಂದು ತಂದು ನಿಲ್ಲಿಸುವುದೆಂದರೆ ನಾಟಕದ ಅರಮನೆಯ ಪರದೆ ತೋರಿಸಿ ಮನೆ ನಮ್ಮದು ಎಂದಂತೆ. ಅತ್ತೆಯ ಮೇಲೂ ನನಗೆ ಅನುಮಾನ ಬಂದಿತ್ತು. ದಾರಿ ಮಾಸಿದೆಯೋ, ಅಥವಾ ದಾರಿಯೇ ಇಲ್ಲವೋ? ಇಲ್ಲದ ದಾರಿಯನ್ನು ನನ್ನ ಕೈಯಲ್ಲಿ ಬರೆಸುತ್ತಾಳೋ? ಬಣ್ಣದ ಡಬ್ಬಿಯನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಬಂದಿದ್ದೆ.

ಪಟ ನಡುಮನೆಯಲ್ಲಿ ತೂಗುತ್ತಿತ್ತು. ಹಿಂದೆ ಬಂದಾಗಲೂ ಕಂಡಿದ್ದಿರಬೇಕು, ಅಪ್ಪನದಲ್ಲವೇ ಎಂದು ನಿಂತು ನೋಡಿರಲಿಲ್ಲ. ಪ್ಲೈವುಡ್ಡಿನ ಮೇಲೆ ಎಣ್ಣೆ ಬಣ್ಣ. ಅತ್ತೆಯ ಮದುವೆಯಾದ ಹೊಸತರಲ್ಲಿ ಅಪ್ಪ ಇಲ್ಲಿಗೆ ಬಂದು ಕೆಲವು ದಿನ ಇದ್ದಾಗ ಬರೆದದ್ದು. ಮೊದಲು ಕಣ್ಣಿಗೆ ಬಿದ್ದದ್ದು ಗುಡ್ಡ. ಹಿಮ ಇರಲಿಲ್ಲ. ಹೊರಗೆ ಬಂದು ನೋಡಿದೆ, ಚಂದ್ರಗುತ್ತಿಯ ಗುಡ್ಡ ಹೇಗೆ ಮುರುಟಿಕೊಂಡು ನಿಂತಿದೆಯೋ ಹಾಗೇ ಬರೆದಿದ್ದ. ಹಂಸ ಇರಲಿಲ್ಲ. ಎಡ ತುದಿಯಲ್ಲಿ ಒಂದು ಅರ್ಧ ಕಂಬ ಸುಮ್ಮನೆ ನಿಂತಿತ್ತು, ಅದಕ್ಕೆ ಮೇಲೂ ಇಲ್ಲ ಕೆಳಗೂ ಇಲ್ಲ. ಅಪ್ಪ ಇಂಥ ತಪ್ಪು ಮಾಡುವವನಲ್ಲ. ನಡುವೆ, ದಾರಿ ಇರಬೇಕಾದ ಜಾಗದಲ್ಲಿ, ಒಂದು ಅಗಲವಾದ ಕೆಂಪು ಪಟ್ಟೆ. ಹತ್ತಿರ ಹೋದೆ. ಅದು ಎಣ್ಣೆ ಬಣ್ಣವಾಗಿರಲಿಲ್ಲ. ಹೊಳಪಿಲ್ಲ, ಬಿರುಕು ಬಿಟ್ಟಿದೆ, ಅಂಚು ಪಟದ ಚೌಕಟ್ಟಿಗೂ ತಾಗಿದೆ. ಪಕ್ಕದ ಗೋಡೆಯ ಬಣ್ಣವೇ ಅದು.

"ಅತ್ತೆ, ಇದು ಕೆಮ್ಮಣ್ಣು."

"ಹೂಂ ಮತ್ತೆ. ಹಬ್ಬಕ್ಕೆ ಗೋಡೆ ಬಳಿಯೋವಾಗ ಅದಕ್ಕೂ ಒಂದು ಕೈ ಎಳೀತೀನಿ. ಗಂಜಿ ಹಾಕಿ ಕಲಸ್ತೀನಿ, ನಿಲ್ತದೆ."

ನಮ್ಮ ಕಡೆ ಹಬ್ಬ ಬಂತೆಂದರೆ ಮಣ್ಣಿನ ಗೋಡೆಗೆ ಕೆಮ್ಮಣ್ಣು ಬಳಿಯುವುದು, ಮೇಲೆ ಅಕ್ಕಿಹಿಟ್ಟಿನಿಂದ ಬಿಳಿ ಗೆರೆ ಎಳೆಯುವುದು ರೂಢಿ. ಆದರೆ ಪಟಕ್ಕೆ ಕೆಮ್ಮಣ್ಣು ಬಳಿದ ಹೆಂಗಸನ್ನು ನಾನು ಇವಳೊಬ್ಬಳನ್ನೇ ಕಂಡದ್ದು. ಬೇರೆ ಯಾವುದನ್ನೂ ಮುಟ್ಟದೆ ಸರಿಯಾಗಿ ದಾರಿಯನ್ನಷ್ಟೇ ಯಾಕೆ ಬಳಿದೆ ಎಂದು ಕೇಳಿದೆ. ಅತ್ತೆ ಕಾಫಿ ಮಾಡ್ತೀನಿ ಎಂದು ಒಳಗೆ ಹೋದಳು. ನನಗೆ ಖಾತ್ರಿಯಾಯಿತು. ಕೆಮ್ಮಣ್ಣಿನ ಕೆಳಗೆ ದಾರಿ ಇಲ್ಲ. ಇದ್ದರೆ ಯಾಕೆ ಬಳಿಯಬೇಕಿತ್ತು? ಒದ್ದೆ ಬಟ್ಟೆಯಿಂದ ಆಗಲೇ ಒರೆಸಿ ನೋಡಬಹುದಿತ್ತು. ನೋಡಲು ಧೈರ್ಯ ಬರಲಿಲ್ಲ. ದಾರಿ ಇಲ್ಲವೆಂದು ಗೊತ್ತಾದರೆ ಅತ್ತೆಯ ಗದ್ದೆ ಹೋಯಿತು, ಅದನ್ನು ಕಳೆದವಳು ನಾನಾಗಬೇಕು.

ಭಾನುವಾರ ಬೆಳಿಗ್ಗೆ ಗೌಡರ ಮನೆಯ ಜಗಲಿಯ ಮೇಲೆ ಎಲ್ಲರೂ ಸೇರಿದೆವು. ಹಿರಿಯರಿಬ್ಬರು, ಗೌಡರು, ಅತ್ತೆ, ಪಟ ಹಿಡಿದುಕೊಂಡ ನಾನು. ಮೂಲೆಯಲ್ಲಿ ಗೌಡರ ತಾಯಿ ಕಂಬಳಿ ಹಾಸಿಕೊಂಡು ಕೂತಿದ್ದರು. ಬಹಳ ವಯಸ್ಸಾಗಿತ್ತು. "ಅವ್ವನಿಗೆ ಮರೆವು, ಮಾತಾಡಿಸ್ಬ್ಯಾಡ್ರಿ" ಎಂದು ಗೌಡರು ಮೊದಲೇ ಹೇಳಿದರು. ಅಜ್ಜಿ ಮಾತ್ರ ಅಡಿಕೆ ಕುಟ್ಟುತ್ತಾ ಎಲ್ಲರನ್ನೂ ಗಮನಿಸುತ್ತಿದ್ದರು. ಮರೆವಿರುವವರ ಕಣ್ಣು ಹಾಗೆ ಓಡಾಡುವುದಿಲ್ಲ ಎಂದು ನನಗೆ ಅನ್ನಿಸಿತು.

ಗೌಡರು ಒಳ್ಳೆಯ ಮಾತುಗಾರರು. ಪಟವನ್ನು ನೋಡಿದ ಕೂಡಲೇ ನಕ್ಕರು.

"ನಿಮ್ಮಪ್ಪಾರ ಸ್ಟುಡಿಯೋದಲ್ಲೇ ನಂದೂ ಮದುವೆ ಫೋಟೋ ತೆಗೆಸಿದ್ದು ಮೇಡಂ. ಹಿಂದೆ ಎರಡು ಹಂಸ ಅದಾವೆ. ಶಿಕಾರಿಪುರದ ಕೆರೇಲಿ ಹಂಸ ಬರ್ದೋರು, ನನ್ನ ಅಂಗಳದಲ್ಲಿ ದಾರಿ ಬರ್ಯೋದೇನು ದೊಡ್ಡದು?"

ಹಿರಿಯರು ನಕ್ಕರು. ನಾನೂ ನಗಬೇಕಾಯಿತು, ಏಕೆಂದರೆ ಬಸ್ಸಿನಲ್ಲಿ ನಾನು ಹೇಳಿಕೊಂಡದ್ದೂ ಇದೇ ಮಾತು. ಗೌಡರು ಅಷ್ಟಕ್ಕೇ ನಿಲ್ಲಲಿಲ್ಲ. ಬೆರಳನ್ನು ನಾಲಿಗೆಗೆ ತಾಗಿಸಿ ದಾರಿಯ ಮೇಲೆ ಎಳೆದು, ಕೆಂಪಾದ ಬೆರಳನ್ನು ಎಲ್ಲರಿಗೂ ತೋರಿಸಿದರು.

"ಇದೇನು ಬಣ್ಣಾನೇನ್ರೀ? ಮೊನ್ನೆ ಹಬ್ಬದಲ್ಲಿ ಬಳಿದ ಕೆಮ್ಮಣ್ಣು! ದಾರಿ ಸಿಗಲಿಲ್ಲ ಅಂತ ತಾವೇ ಮಾಡ್ಕಂಡಾರೆ!"

ಹಿರಿಯರಲ್ಲಿ ಒಬ್ಬರು ಅತ್ತೆಯ ಕಡೆ ನೋಡಿ, "ಏನ್ ತಂಗೀ ಇದು?" ಎಂದರು. ಅತ್ತೆ ನೆಲ ನೋಡುತ್ತಾ ನಿಂತಳು. ನಾನು ಅವಳ ಮುಖ ನೋಡಿದೆ. ಸುಳ್ಳು ಹೇಳಿ ಸಿಕ್ಕಿಬಿದ್ದವರ ಮುಖ ನಾನು ಕ್ಲಾಸಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಇದು ಅದಾಗಿರಲಿಲ್ಲ. ಯಾವುದೋ ಹಳೆಯ ಗುಟ್ಟನ್ನು ಹತ್ತು ಜನರ ಮುಂದೆ ಬಿಚ್ಚಬೇಕಾದವರ ಮುಖ ಅದು.

ಇನ್ನು ಬೇರೆ ದಾರಿ ಇರಲಿಲ್ಲ. ಒಂದು ತಂಬಿಗೆ ನೀರು, ಒಂದು ಹಳೆಯ ಬಟ್ಟೆ ಕೊಡಿ ಎಂದು ಗೌಡರನ್ನೇ ಕೇಳಿದೆ. "ಅಪ್ಪನದು ಎಣ್ಣೆ ಬಣ್ಣ, ನೀರಿಗೆ ಹೋಗೋದಿಲ್ಲ. ಕೆಮ್ಮಣ್ಣು ಹೋಗ್ತದೆ. ಕೆಳಗೆ ಏನಿದೆಯೋ ಎಲ್ಲರೂ ನೋಡೋಣ" ಎಂದೆ. ಪಟವನ್ನು ಜಗಲಿಯ ಅಂಚಿಗೆ ಬಿಸಿಲಿಗೆ ಒರಗಿಸಿ ಒರೆಸತೊಡಗಿದೆ. ವರ್ಷ ವರ್ಷದ ಮಣ್ಣು ಪದರ ಪದರವಾಗಿ ಕರಗಿ ಕೆಳಗೆ ಇಳಿಯಿತು.

ಮೊದಲು ಒಂದು ಅಡ್ಡಗೆರೆ ಕಂಡಿತು. ಅದರ ಕೆಳಗೆ ಇನ್ನೊಂದು. ಇನ್ನೊಂದು. ನನಗೆ ಏನೆಂದು ತಿಳಿಯಲಿಲ್ಲ. ಪೂರ್ತಿ ಒರೆಸಿದಾಗ ಕಂಡದ್ದು ಒಂದು ದಣಪೆ. ದನ ನುಗ್ಗದಂತೆ ಎರಡು ಗೂಟಗಳ ನಡುವೆ ಬಿದಿರಿನ ಗಳಗಳನ್ನು ಅಡ್ಡ ಸೇರಿಸಿದ ಬಾಗಿಲು ಅದು, ಬೇಕಾದಾಗ ಗಳ ಸರಿಸಿ ದಾಟಬಹುದು. ಚಿತ್ರದಲ್ಲಿ ಅದು ಪೂರ್ತಿ ಮುಚ್ಚಿತ್ತು. ಅದರ ಗಳಗಳ ಸಂದಿಯಲ್ಲಿ ದಾರಿ ಕಾಣುತ್ತಿತ್ತು. ಬಳುಕುವ ದಾರಿಯಲ್ಲ. ಬಂಡಿಯ ಎರಡು ಗಾಲಿಯ ಜಾಡು, ನಡುವೆ ಹುಲ್ಲು, ನೇರವಾಗಿ ಗದ್ದೆಗೆ ಇಳಿದ ಕುರೂಪಿ ದಾರಿ. ದಣಪೆಯ ಆಚೆ, ಜಾಡಿನ ನಡುವೆ, ಒಂದು ಸಣ್ಣ ಜಾಗಕ್ಕೆ ಅಪ್ಪ ಬಣ್ಣವನ್ನೇ ಹಚ್ಚಿರಲಿಲ್ಲ. ಅಲ್ಲಿ ಪ್ಲೈವುಡ್ಡಿಗೆ ಮೊದಲು ಬಳಿದ ಬಿಳಿ ಅಸ್ತರು ಹಾಗೇ ಉಳಿದಿತ್ತು.

ನಾನು ಅಲ್ಲೇ ಕುಕ್ಕರಿಸಿದೆ. ದಾರಿಗೆ ಅಡ್ಡ ಏನೂ ಇಡಬಾರದು ಎಂದು ಜೀವಮಾನವಿಡೀ ಹೇಳಿದವನು ಚಿತ್ರದ ನಟ್ಟನಡುವೆ ಮುಚ್ಚಿದ ದಣಪೆ ಬರೆದಿದ್ದಾನೆ. ಯಾವ ಗಿರಾಕಿಯೂ ಇಷ್ಟಪಡದ ಚಿತ್ರ. ನನ್ನ ಕ್ಲಾಸಿನ ಮಕ್ಕಳು ಹೀಗೆ ಬರೆದರೆ ನಾನೇ ಮಾರ್ಕು ಕಡಿಯುತ್ತಿದ್ದೆ. ತಲೆ ಎತ್ತಿದರೆ ಎಡಗಡೆ ಗೌಡರ ಜಗಲಿಯ ಕಂಬ. ಅದರಾಚೆ ಗುಡ್ಡ. ಪಟದ ಅರ್ಧ ಕಂಬ ಅದೇ.

"ಗೌಡ್ರೇ" ಎಂದೆ. "ನಮ್ಮಪ್ಪ ಸುಳ್ಳು ಚಿತ್ರ ಬರೆಯೋದರಲ್ಲಿ ಪಳಗಿದವನು, ಒಪ್ಪಿದೆ. ಸುಳ್ಳು ಬರೆಯೋದಾಗಿದ್ರೆ ಇದಕ್ಕಿಂತ ಎಷ್ಟೋ ಚೆನ್ನಾಗಿ ಬರೀತಿದ್ದ. ಇಷ್ಟು ಕೆಟ್ಟದಾಗಿ ಬರ್ದಿದಾನೆ ಅಂದ್ರೆ ಇಲ್ಲಿ ಇದ್ದದ್ದನ್ನೇ ಬರ್ದಿದಾನೆ. ಅವನು ಕೂತಿದ್ದು ನಿಮ್ಮದೇ ಜಗಲಿ ಮೇಲೆ. ಬೇಕಾದ್ರೆ ಬನ್ನಿ, ಇಲ್ಲಿ ಕೂತು ಕಂಬದ ಪಕ್ಕದಿಂದ ಗುಡ್ಡ ನೋಡಿ."

ಹಿರಿಯರಿಬ್ಬರೂ ಒಬ್ಬರಾದ ಮೇಲೊಬ್ಬರು ಬಂದು ಕೂತು, ಒಂದು ಕಣ್ಣು ಮುಚ್ಚಿ, ಪಟವನ್ನೂ ಗುಡ್ಡವನ್ನೂ ನೋಡಿದರು. ಗೌಡರು ಬರಲಿಲ್ಲ. "ದಣಪೆ ಇತ್ತು ಅಂತಾನೇ ಇಟ್ಕೊಳ್ಳಿ. ಅದು ನಮ್ಮ ದನಕ್ಕೆ ಹಾಕಿದ್ದು. ಮುಚ್ಚೈತಲ್ಲ! ಮುಚ್ಚಿದ್ದು ದಾರಿ ಹೆಂಗಾಗ್ತದೆ?" ಎಂದರು. ಮಾತು ಗಟ್ಟಿಯಾಗಿಯೇ ಇತ್ತು. ಹಿರಿಯರು ಮುಖ ಮುಖ ನೋಡಿಕೊಂಡರು. ಮುಚ್ಚಿದ ಬಾಗಿಲು ಯಾರಿಗಾಗಿ ತೆರೆಯುತ್ತಿತ್ತು ಎಂದು ಯಾವ ಚಿತ್ರವೂ ಹೇಳುವುದಿಲ್ಲ.

ಅಡಿಕೆ ಕುಟ್ಟುವ ಸದ್ದು ನಿಂತಿತ್ತು. ಅಜ್ಜಿ ಕೂತಲ್ಲೇ ಸರಿದುಕೊಂಡು ಪಟದ ಹತ್ತಿರ ಬಂದು, ಒದ್ದೆಯಾದ ದಣಪೆಯ ಮೇಲೆ ಕೈ ಇಟ್ಟರು.

"ಮ್ಯಾಲಿನ ಗಳ ಸೊಟ್ಟ ಐತೆ ನೋಡು. ನಮ್ಮ ಮನೆಯೋರು ಹಾಕಿದ್ದು, ಸೊಟ್ಟನೇ ಇತ್ತು" ಎಂದರು. ಆಮೇಲೆ ಅತ್ತೆಯ ಕಡೆ ತಿರುಗಿದರು. "ನಿಮ್ಮಣ್ಣ ಇಲ್ಲೇ ಕೂತಿದ್ದ ಕಣೇ ತಂಗಿ. ಅಮ್ಮಾ, ದಣಪೆ ತೆಗೀರಿ, ನನ್ನ ಪಟಕ್ಕೆ ಅಡ್ಡ ಬರ್ತೈತೆ ಅಂದ. ಬ್ಯಾಡಪ್ಪಾ, ದನ ನುಗ್ತವೆ, ನಿನ್ನ ತಂಗಿ ಗದ್ದೆಯಿಂದ ಬರೋ ಹೊತ್ತಿಗೆ ಹೆಂಗೂ ತೆಗಿತೀವಿ ಅಂದೆ. ಹಂಗಾರೆ ಅವಳು ಬರೋವರೆಗೂ ಕೂರ್ತೀನಿ, ಅವಳನ್ನೂ ಬರೀಬೇಕು, ಜಾಗ ಬಿಟ್ಟೀನಿ ಅಂದ. ಮಜ್ಜಿಗೆ ಕೊಟ್ಟೆ. ಹೊತ್ತು ಮುಳುಗೋವರೆಗೂ ಕೂತಿದ್ದ. ಅವತ್ತು ನೀನು ಬರಲೇ ಇಲ್ಲ."

ಗೌಡರು, "ಅವ್ವಾ, ನಿಂಗೆ ನೆನಪಿಲ್ಲ, ಸುಮ್ನಿರು" ಎಂದರು. ಅಜ್ಜಿ, "ನಿನ್ನ ಮದುವೇಲಿ ಹಂಸ ಇತ್ತು ಅನ್ನೋದೂ ನೆನಪೈತೆ, ಇದೂ ನೆನಪೈತೆ" ಎಂದು ಮತ್ತೆ ಅಡಿಕೆಗೆ ಕೈ ಹಾಕಿದರು.

ಅತ್ತೆ ಕೂತುಬಿಟ್ಟಳು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಹಿರಿಯರಿದ್ದಾರೆ ಎಂಬುದನ್ನೂ ಮರೆತು ಅತ್ತಳು. ಆವತ್ತು ಬೆಳಿಗ್ಗೆ ಮಾವ ಅಪ್ಪನನ್ನು, ಪರದೆ ಬರೆಯುವುದೂ ಒಂದು ಕಸುಬೇ ಎಂದು ಹಂಗಿಸಿದ್ದನಂತೆ. ಅಣ್ಣನ ಮುಖ ನೋಡಲಾಗದೆ ಅತ್ತೆ ಸಂಜೆ ಕೆರೆಯ ಕಡೆಯಿಂದ ಸುತ್ತು ಹಾಕಿ ಮನೆಗೆ ಬಂದಿದ್ದಳು. ಮಾರನೆಯ ದಿನ ಅಪ್ಪ ಪಟವನ್ನು ಗೋಡೆಗೆ ತೂಗುಹಾಕಿ, ಏನೂ ಹೇಳದೆ ಹೋಗಿದ್ದ. ಆಮೇಲೆ ಬಂದರೂ ಉಳಿಯುತ್ತಿರಲಿಲ್ಲ.

"ಮುಚ್ಚಿದ ದಣಪೆ ಬರ್ದು ಹೋದ್ನಲ್ಲ ಅಂತ ನಂಗೆ ಅನುಮಾನ ಕಣೇ" ಎಂದಳು ನನಗೆ. "ನಿನ್ನ ಮನೆ ಬಾಗಿಲು ನಂಗೆ ಮುಚ್ತು ಅಂತ ಹೇಳೋಕೆ ಬರ್ದಾನೆ ಅಂದ್ಕಂಡೆ. ಬಂದೋರ ಕಣ್ಣಿಗೆ ಬೀಳಬಾರ್ದು ಅಂತ ವರ್ಷ ವರ್ಷ ಬಳಿದೆ. ಕೇಳಿದ್ರೆ ಹೇಳ್ತಿದ್ನೇನೋ. ಕೇಳಲಿಲ್ಲ. ಅವ್ನು ನನ್ನ ದಾರಿ ಕಾಯ್ತಾ ಕೂತಿದ್ದನ್ನೇ ಬಳಿದುಬಿಟ್ಟೆನಲ್ಲೇ."

ಅಪ್ಪನಿಂದ ನನಗೆ ಬಂದದ್ದು ಎಂದುಕೊಂಡಿದ್ದ ಅನುಮಾನ ಅತ್ತೆಯಲ್ಲೂ ಇತ್ತು, ನನಗಿಂತ ಹೆಚ್ಚಿತ್ತು. ಅವಳ ಕೈ ಹಿಡಿದುಕೊಂಡೆ. ಕೆಮ್ಮಣ್ಣಿನ ನೀರು ಇಬ್ಬರ ಕೈಗೂ ಮೆತ್ತಿತು.

ಹಿರಿಯರು ಎದ್ದರು. "ದಾರಿ ಐತೆ. ನಾವು ಕಚೇರಿಯಲ್ಲಿ ಹೇಳ್ತೀವಿ" ಎಂದು ಗೌಡರಿಗೆ ಹೇಳಿ ಚಪ್ಪಲಿ ಮೆಟ್ಟಿ ಹೋದರು. ಗೌಡರು ಕೆಂಪಾದ ಬೆರಳನ್ನು ಪಂಚೆಗೆ ಒರೆಸಿಕೊಂಡರು. ಅವರು ಒಪ್ಪಿದರೆಂದು ನನಗೆ ನಂಬಿಕೆ ಬರಲಿಲ್ಲ. ನಾಳೆ ಇನ್ನೊಂದು ಕಡೆ ಬೇಲಿ ಎಬ್ಬಿಸುವ ಯೋಚನೆ ನಡೆದಿರಬಹುದು. ಅಜ್ಜಿಯ ನೆನಪು ಪೂರ್ತಿ ನಿಜವೋ, ಅತ್ತೆಯ ಮುಖ ನೋಡಿ ಒಂದೆರಡು ಮಾತು ಸೇರಿಸಿದರೋ, ಆ ಅನುಮಾನವೂ ನನ್ನನ್ನು ಬಿಟ್ಟಿಲ್ಲ. ಆದರೆ ಬಣ್ಣವಿಲ್ಲದ ಆ ಜಾಗ ಅಲ್ಲಿತ್ತು. ಅದನ್ನು ಬಿಟ್ಟವನು ಅಪ್ಪ, ಅಜ್ಜಿಯಲ್ಲ.

ಅತ್ತೆ ಮುಖ ಒರೆಸಿಕೊಂಡು ಎದ್ದಳು. ಅವಳನ್ನು ಆ ಜಾಗದಲ್ಲಿ ಬರೆಯಲೇ ಎಂದು ಕೇಳಿದೆ. ಡಬ್ಬಿ ತಂದಿರಲಿಲ್ಲ, ಆದರೂ ಕೇಳಿದೆ.

"ಬ್ಯಾಡ, ನೀನು ನನ್ನನ್ನ ದಪ್ಪ ಬರೀತೀಯ. ನೀನು ಅಲ್ಲೇ ಕೂರು" ಎಂದಳು. ಬೇಲಿಯ ತಂತಿಗಳ ನಡುವೆ ಬಗ್ಗಿ ನುಸುಳಿ, ಹಳೆಯ ಜಾಡಿನಲ್ಲಿ ಗದ್ದೆಯ ಕಡೆ ಇಳಿದು ಹೋದಳು. ಭತ್ತದ ನಡುವೆ ಅವಳ ತಲೆ ಮಾತ್ರ ಸ್ವಲ್ಪ ಹೊತ್ತು ಕಂಡು ಮರೆಯಾಯಿತು. ನಾನು ಅಪ್ಪ ಕೂತಿದ್ದ ಕಡೆ ಕಂಬಕ್ಕೆ ಒರಗಿ ಕೂತೆ. ಅಜ್ಜಿ ನನಗೂ ಒಂದು ಲೋಟ ಮಜ್ಜಿಗೆ ತರಿಸಿದರು. ಊದದೆಯೇ ಕುಡಿದೆ.

ಅತ್ತೆ ತೆನೆ ಬಲಿತಿದೆಯೇ ಎಂದು ನೋಡಿಕೊಂಡು, ಒಂದು ಹಿಡಿ ಹುಲ್ಲು ಕೊಯ್ದುಕೊಂಡು, ಅದೇ ಜಾಡಿನಲ್ಲಿ ನಮ್ಮ ಕಡೆ ಏರಿ ಬಂದಳು. ಪಟದಲ್ಲಿ ಅಪ್ಪ ಖಾಲಿ ಬಿಟ್ಟಿದ್ದ ಜಾಗಕ್ಕೆ ಬಂದಾಗ ಒಂದು ಗಳಿಗೆ ನಿಂತು ಜಗಲಿಯ ಕಡೆ ನೋಡಿದಳು. ನನಗೆ ಕಣ್ಣು ಮಂಜಾಗಿ ಗುಡ್ಡ, ಗದ್ದೆ ಏನೂ ಕಾಣಲಿಲ್ಲ, ಅವಳೊಬ್ಬಳೇ ಕಂಡಳು. ಬೇಲಿಯ ಹತ್ತಿರ ಬಂದು ಅವಳು ಮತ್ತೆ ಬಗ್ಗಲು ಹೋದಾಗ, ಅಜ್ಜಿ ಮಗನ ಕಡೆ ನೋಡಿ, "ಏಳೋ, ತೆಗಿ" ಎಂದರು. ಗೌಡರು ಎದ್ದು ಹೋಗಿ ತಂತಿ ಬಿಚ್ಚಿದರು.